ಪರೀಕ್ಷೆಗೆಂದು ತೆಗೆದ ಸಿನಿಮಾ

‘ಅಜ್ಜಿಯ ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲವೇ’ ಎಂದು ಜಂಬದವರನ್ನು ಕುಟುಕುವುದು ನಮ್ಮಲ್ಲಿ ಹಳೆಯ ವಾಡಿಕೆ. ಅದರ ಹಿಂದಿನ ಕಥೆ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಕು ಹರಿಯುತ್ತದೆ, ತನ್ನ ಒಲೆಯ ಕೆಂಡದಿಂದಲೇ ಊರವರ ಒಲೆ ಹೊತ್ತುತ್ತದೆ ಎಂದು ನಂಬಿದ ಮುದುಕಿ, ಊರಿನ ಮೇಲೆ ಮುನಿಸಿಕೊಂಡು ಎರಡನ್ನೂ ಎತ್ತಿಕೊಂಡು ಕಾಡು ಸೇರುತ್ತಾಳೆ. ಮಾರನೆಯ ದಿನ ಊರಿಗೆ ಎಂದಿನಂತೆ ಬೆಳಗಾಗಿರುತ್ತದೆ. ಮೇಷ್ಟ್ರು ನೀತಿ ಹೇಳಿ ಪುಸ್ತಕ ಮುಚ್ಚುತ್ತಿದ್ದರು.

ಒಂದು ವೇಳೆ ನಿಜಕ್ಕೂ ಬೆಳಗಾಗದೇ ಹೋಗಿದ್ದರೆ? ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ತೆಗೆದ ಸುಮಾರು 16 ನಿಮಿಷದ ಕನ್ನಡ ಕಿರುಚಿತ್ರ ನಿಂತಿರುವುದು ಇಂಥದೊಂದು ತಿರುವಿನ ಮೇಲೆ. ಮುದುಕಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಸೂರ್ಯ ಬರುವುದೇ ನಿಂತುಹೋಗುತ್ತದೆ. ಹುಂಜವನ್ನು ಮರಳಿ ತರಲು ಭವಿಷ್ಯ ಕೇಳುತ್ತಾರೆ, ಮುದುಕಿಯ ಮನೆಯವರೇ ಊರು ಬಿಡಬೇಕಾಗುತ್ತದೆ. ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಈ ಚಿತ್ರ 2024ರ ಮೇ ತಿಂಗಳಲ್ಲಿ ಕಾನ್ ಚಲನಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಪಡೆಯಿತು. ಜಗತ್ತಿನ 555 ಸಿನಿಮಾ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾದದ್ದು 18 ಮಾತ್ರ. ಬಹುಮಾನದ ಮೊತ್ತ 15 ಸಾವಿರ ಯೂರೊ.

ಆಗ ಸುದ್ದಿ ಮಾಡಿದ್ದು ಡಾಕ್ಟರು ಡೈರೆಕ್ಟರ್ ಆದ ಸಂಗತಿ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಚಿತ್ರ ತಯಾರಾದ ಬಗೆ. ಏಕೆಂದರೆ ಇದು ಉತ್ಸವಕ್ಕೆಂದು ಮಾಡಿದ ಸಿನಿಮಾ ಅಲ್ಲ, ಪರೀಕ್ಷೆಗೆಂದು ಮಾಡಿದ್ದು. ಪುಣೆಯ ಸಂಸ್ಥೆಯಲ್ಲಿ ಮೂರು ವರ್ಷದ ಸಿನಿಮಾ ಕೋರ್ಸುಗಳ ಜೊತೆಗೆ ಆಗ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸೂ ಇತ್ತು. ಹೊರಗಿನವರ ಕಣ್ಣಿಗೆ ಅದು ಸ್ವಲ್ಪ ಕೆಳಗಿನ ಪಂಕ್ತಿ. ವರ್ಷದ ಕೊನೆಗೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಈ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬರು ಸೇರಿ ಒಂದು ಚಿತ್ರ ಮಾಡಿ ಒಪ್ಪಿಸಬೇಕಿತ್ತು. 2023ರ ಈ ತಂಡದಲ್ಲಿ ನಾಯ್ಕ್ ಅವರ ಜೊತೆಗಿದ್ದವರು ಛಾಯಾಗ್ರಾಹಕ ಸೂರಜ್ ಠಾಕೂರ್, ಸಂಕಲನಕಾರ ಮನೋಜ್ ವಿ., ಧ್ವನಿಗೆ ಅಭಿಷೇಕ್ ಕದಂ. ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಚಿತ್ರವೊಂದು ಕಾನ್‌ಗೆ ಆಯ್ಕೆಯಾಗಿ ಗೆದ್ದದ್ದು ಅದೇ ಮೊದಲು.

ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಈ ಕಥೆ ಮಾಡಬೇಡ ಎಂದೇ ತಮಗೆ ಹೇಳಿದ್ದರು ಎಂದು ನಿರ್ದೇಶಕರು ಬಹುಮಾನ ಬಂದಮೇಲೆ ಹೇಳಿಕೊಂಡರು. ಬೇಡ ಎಂದವರ ಮಾತಿನಲ್ಲೂ ನ್ಯಾಯವಿತ್ತು ಅನ್ನಿ. ವಿದ್ಯಾರ್ಥಿ ಚಿತ್ರಕ್ಕೆ ಎಲ್ಲ ಸಿನಿಮಾ ಶಾಲೆಗಳೂ ಹೇಳಿಕೊಡುವ ಪಾಠ ಒಂದೇ: ಒಂದು ಕೋಣೆ, ಇಬ್ಬರು ಪಾತ್ರಧಾರಿಗಳು, ಹಗಲು ಬೆಳಕು. ಮಗು ಬೇಡ, ಪ್ರಾಣಿ ಬೇಡ, ರಾತ್ರಿ ಬೇಡ. ಇವರು ಆರಿಸಿಕೊಂಡದ್ದು ಒಂದಿಡೀ ಊರು, ಒಂದು ಹುಂಜ, ಪೂರ್ತಿ ರಾತ್ರಿ. ಸಾಲದ್ದಕ್ಕೆ ಮರಾಠಿ ನೆಲದಲ್ಲಿ ಕನ್ನಡದ ಕಥೆ.

ಹಾಗಾದರೆ ಅದು ದಕ್ಕಿದ್ದು ಹೇಗೆ? ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಮಾಡಿದ್ದು ಕಥೆಯೇ. ಹದಿನಾರು ನಿಮಿಷದಲ್ಲಿ ಹೊಸ ಲೋಕವೊಂದನ್ನು ಕಟ್ಟಿ, ಅದರ ಕಾನೂನು ವಿವರಿಸಿ, ಪಾತ್ರಗಳ ಪೂರ್ವಕಥೆ ಹೇಳಲು ಹೊರಟರೆ ಸಿನಿಮಾಕ್ಕೆ ಜಾಗವೇ ಉಳಿಯುವುದಿಲ್ಲ. ಬಹುಪಾಲು ವಿದ್ಯಾರ್ಥಿ ಚಿತ್ರಗಳು ಸೋಲುವುದು ಇಲ್ಲೇ. ಮೊದಲ ಸಿನಿಮಾದಲ್ಲೇ ತಮಗೆ ಗೊತ್ತಿರುವುದನ್ನೆಲ್ಲ ಸುರಿಯುವ ಹಂಬಲ. ಜನಪದ ಕಥೆಗೆ ಆ ರೋಗವಿಲ್ಲ. ಕೋಳಿ ಹೋಯಿತು, ಸೂರ್ಯ ಬರಲಿಲ್ಲ ಎಂದರೆ ಮುಗಿಯಿತು, ಏಕೆ ಎಂದು ಯಾರೂ ಕೇಳುವುದಿಲ್ಲ. ಫ್ರಾನ್ಸಿನಲ್ಲಿ ಕುಳಿತ ತೀರ್ಪುಗಾರರೂ ಕೇಳಲಿಲ್ಲ. ನಟಿ ಲುಬ್ನಾ ಅಜಾಬಲ್ ಮುಂದಾಳತ್ವದ ಆ ಮಂಡಳಿ ಮೆಚ್ಚಿದ್ದು ಇರುಳಿನ ಆಳದಿಂದ ಬರುವ ಬೆಳಕನ್ನು, ಹಾಸ್ಯವನ್ನು, ನಿರ್ದೇಶನದ ಹರಿತವನ್ನು.

ಇನ್ನರ್ಧ ಆ ಇರುಳೇ. ಚಿತ್ರವನ್ನು ಪೂರ್ತಿಯಾಗಿ ರಾತ್ರಿಯಲ್ಲೇ ತೆಗೆದಿದ್ದಾರೆ. ರಾತ್ರಿ ಚಿತ್ರೀಕರಣ ಎಂದರೆ ಕತ್ತಲನ್ನು ಹಿಡಿಯುವುದಲ್ಲ, ಎಷ್ಟು ಕತ್ತಲು ಬಿಡಬೇಕೆಂದು ತೀರ್ಮಾನಿಸುವುದು. ಹಗಲಾದರೆ ಊರಿನ ಬೀದಿಯಲ್ಲಿ ಕರೆಂಟು ಕಂಬ, ಟಿವಿ ಡಿಶ್, ಮೊಬೈಲ್ ಟವರು ಎಲ್ಲವೂ ಫ್ರೇಮಿನೊಳಗೆ ನುಗ್ಗುತ್ತವೆ, ಅವನ್ನು ಮರೆಮಾಡಲು ಕಲಾ ನಿರ್ದೇಶಕನೊಬ್ಬ ಬೇಕು. ರಾತ್ರಿ ಆ ಕೆಲಸವನ್ನು ಕತ್ತಲು ಬಿಟ್ಟಿಯಾಗಿ ಮಾಡುತ್ತದೆ. ಬೆಳಕು ಎಲ್ಲಿ ಬಿತ್ತೋ ಅಷ್ಟೇ ಊರು. ಆದರೆ ಕಷ್ಟ ಬೇರೆ ಕಡೆಯಿಂದ ಬರುತ್ತದೆ. ಕಥೆಯಲ್ಲಿ ಸೂರ್ಯ ಹುಟ್ಟುವುದಿಲ್ಲ, ಯೂನಿಟ್ಟಿಗೆ ಮಾತ್ರ ದಿನವೂ ಆರು ಗಂಟೆಗೆ ಹುಟ್ಟುತ್ತಾನೆ. ನಾಲ್ಕು ದಿನ ಎಂದು ಕಾಗದದಲ್ಲಿ ಬರೆದದ್ದು ಲೈಟು ನಿಲ್ಲಿಸುವುದು, ಊಟ, ನಿದ್ದೆಗಣ್ಣಿನ ನಟರು ಎಲ್ಲ ಕಳೆದು ಕೈಗೆ ಸಿಗುವಾಗ ಕೆಲವೇ ಗಂಟೆಗಳಾಗಿರುತ್ತವೆ.

ಹುಂಜದ ಮಾತು ಇನ್ನೂ ಸ್ವಾರಸ್ಯದ್ದು. ಕತ್ತಲಲ್ಲಿ ಕೋಳಿ ಮಂಕಾಗಿ ಕೂತಿರುತ್ತದೆ, ಎತ್ತಿಕೊಂಡರೂ ಗಲಾಟೆ ಮಾಡುವುದಿಲ್ಲ. ಕೋಳಿ ಕದಿಯುವವರೆಲ್ಲ ರಾತ್ರಿಯೇ ಬರುವುದು ಅದಕ್ಕೇ ಇರಬೇಕು. ಆದರೆ ದೊಡ್ಡ ಲೈಟು ಹೊತ್ತಿಸಿದರೆ ಕೆಲವು ಹುಂಜ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿಬಿಡುತ್ತವೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹುಂಜ ಬೆಳಕು ಕಂಡು ಕೂಗುವುದಷ್ಟೇ ಅಲ್ಲ, ಮಬ್ಬುಗತ್ತಲಲ್ಲೇ ಇಟ್ಟರೂ ಒಳಗಿನ ಗಡಿಯಾರದ ಲೆಕ್ಕದಲ್ಲಿ ಬೆಳಗಿಗೆ ಮೊದಲೇ ಕೂಗುತ್ತದೆ. ಅಜ್ಜಿ ಪೂರ್ತಿ ತಪ್ಪಲ್ಲ ಎಂದಾಯಿತು.

ಧ್ವನಿಯವರ ಪಾಡನ್ನು ಯಾರೂ ಬರೆಯುವುದಿಲ್ಲ. ಹಳ್ಳಿಯ ರಾತ್ರಿ ಸದ್ದಿಲ್ಲದ್ದು ಎಂದುಕೊಂಡವರು ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ನಿಲ್ಲಬೇಕು: ಜೀರುಂಡೆ, ನಾಯಿ, ದೂರದ ಹೆದ್ದಾರಿ, ತಮ್ಮದೇ ಜನರೇಟರು. ಪ್ರತಿ ಜಾಗದಲ್ಲೂ ಶಾಟ್ ಮುಗಿದಮೇಲೆ ಎಲ್ಲರನ್ನೂ ಕದಲದಂತೆ ನಿಲ್ಲಿಸಿ ಆ ಜಾಗದ ಬರಿಯ ಸದ್ದನ್ನು ಅರ್ಧ ನಿಮಿಷವೋ ಒಂದು ನಿಮಿಷವೋ ಹಿಡಿದುಕೊಳ್ಳುವ ಪದ್ಧತಿಯಿದೆ. ಸಂಕಲನದ ಮೇಜಿನಲ್ಲಿ ಮಾತು ಮತ್ತು ಮಾತಿನ ನಡುವಿನ ತೇಪೆ ಕಾಣದಂತೆ ಮಾಡುವುದು ಅದೇ. ಬೆಳಗಿನ ಜಾವ ಮೂರು ಗಂಟೆಗೆ, ಇನ್ನೂ ಎರಡು ಶಾಟ್ ಬಾಕಿಯಿರುವಾಗ, ಆ ನಿಮಿಷವನ್ನು ಬಿಟ್ಟುಕೊಡುವ ನಿರ್ದೇಶಕ ಮುಂದೆ ಒಳ್ಳೆಯ ನಿರ್ದೇಶಕನಾಗುತ್ತಾನೆ. ನಾಲ್ವರಿಗೂ ಒಂದೇ ಚಿತ್ರ ಒಪ್ಪಿಸಲು ಹೇಳುವುದರ ಹಿಂದಿನ ಜಾಣತನ ಇದು. ಧ್ವನಿ ಕೆಟ್ಟರೆ ಹೋಗುವುದು ಧ್ವನಿಯವನ ಅಂಕವಷ್ಟೇ ಅಲ್ಲ.

ಇಂಥ ಪಾಠಕ್ಕೆ ಪುಣೆಯಲ್ಲಿ ಕನ್ನಡದ ಹಳೆಯ ನೆನಪೊಂದಿದೆ. ಮಣಿಪಾಲದ ಬಿ.ಫಾರ್ಮ್ ಪದವಿ ಹಿಡಿದು ಅದೇ ಸಂಸ್ಥೆ ಸೇರಿದವರು ಗಿರೀಶ ಕಾಸರವಳ್ಳಿ. ಅವರ ಡಿಪ್ಲೊಮಾ ಚಿತ್ರ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಬಂತು. ಅದಾಗಿ ಎರಡೇ ವರ್ಷಕ್ಕೆ, 1977ರಲ್ಲಿ, ‘ಘಟಶ್ರಾದ್ಧ’. ಆ ಕಾಲದ ವಿದ್ಯಾರ್ಥಿಗೆ ಅಂಕುಶ ಹಾಕುತ್ತಿದ್ದದ್ದು ದಿನಗಳ ಲೆಕ್ಕಕ್ಕಿಂತ ಹೆಚ್ಚಾಗಿ ರೀಲಿನ ಲೆಕ್ಕ. 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷಕ್ಕೆ ಖಾಲಿ. ‘ರೋಲ್’ ಎನ್ನುವ ಮೊದಲು ತಾಲೀಮು ನಡೆಸಲೇಬೇಕಿತ್ತು. ಈಗಿನ ಮೆಮೊರಿ ಕಾರ್ಡಿಗೆ ಆ ಭಯವಿಲ್ಲ, ಎಷ್ಟು ಬೇಕಾದರೂ ತೆಗೆಯಬಹುದು. ಅದಕ್ಕೇ ದಿನಗಳನ್ನು ಕಟ್ಟಿಹಾಕುವುದು ಸರಿ ಎನ್ನುವ ಕಡೆಗೆ ನಾನು. ಎಂಟು ದಿನ ಕೊಟ್ಟಿದ್ದರೆ ಈ ಚಿತ್ರ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು ಎಂದು ನನಗೆ ನಂಬಿಕೆಯಿಲ್ಲ.

ನಮ್ಮಲ್ಲೇ ಇಂಥ ಶಾಲೆ ಇರಲಿಲ್ಲವೇ? ಇತ್ತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದ ಮೈಸೂರಿನ ವಿ.ಕೆ. ಮೂರ್ತಿ ಮುಂದೆ ಗುರುದತ್ತರ ಸಿನಿಮಾಗಳ ಕಣ್ಣಾದರು. 1962ರಲ್ಲಿ ಅಲ್ಲಿಂದಲೇ ಹೊರಟವರು ಗೋವಿಂದ ನಿಹಲಾನಿ. ಪುಣೆಯ ಸಂಸ್ಥೆ ಹುಟ್ಟಿದ್ದೇ 1960ರಲ್ಲಿ. ಆ ಪರಂಪರೆಯನ್ನು ಹೆಸರುಘಟ್ಟದ ಸರ್ಕಾರಿ ಸಿನಿಮಾ ಸಂಸ್ಥೆಯ ಮೂಲಕ ನಾವು ಬೆಳೆಸಿದ್ದಕ್ಕಿಂತ ಮರೆತದ್ದೇ ಹೆಚ್ಚು.

ಬೇಡ ಎನಿಸಿಕೊಂಡಿದ್ದ ಅದೇ ಕಥೆಗೆ, 2025ರಲ್ಲಿ ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ, ಕಥೇತರ ವಿಭಾಗದ ಅತ್ಯುತ್ತಮ ಸ್ಕ್ರಿಪ್ಟ್ ಗೌರವವೂ ಸಂದಿತು. ಇಂಥ ಚಿತ್ರಗಳಿಗೆ ಟಾಕೀಸು ಸಿಗುವುದಿಲ್ಲ, ಹಾಕಿದ ಹಣ ಮರಳುವುದಿಲ್ಲ. ಅವು ನಡೆಯುವುದೇ ಸರ್ಕಾರದ ದುಡ್ಡಿನಿಂದ ಮತ್ತು ಊರವರ ಒಳ್ಳೆಯತನದಿಂದ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ನಿಮ್ಮೂರಿಗೆ ಯಾವತ್ತಾದರೂ ನಾಲ್ಕು ಜನ ಹುಡುಗ ಹುಡುಗಿಯರು ಕ್ಯಾಮೆರಾ ಹೊತ್ತು ಬಂದು ಒಂದು ರಾತ್ರಿ ಅಂಗಳ ಬಿಟ್ಟುಕೊಡಿ ಎಂದು ಕೇಳಿದರೆ ಕೊಡಿ. ಹುಂಜ ಕೇಳಿದರೂ ಕೊಡಿ, ಬೆಳಗಾಗುವುದರೊಳಗೆ ತಂದುಬಿಡಬೇಕು ಎಂದು ಹೇಳಿದರಾಯಿತು.