ಸಂಘದ ಲ್ಯಾಪ್‌ಟಾಪು, ಎರಡು ಪೆನ್‌ಡ್ರೈವು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ಊರೂರಲ್ಲೂ ನಮ್ಮ ಹೆಣ್ಣುಮಕ್ಕಳ ಸಂಘಗಳಿವೆ. ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಪುಸ್ತಕದಲ್ಲಿ ಬರೀತಿದ್ದೆವು. ಈಗ ಕೆಲವು ಕಡೆ ಲೆಕ್ಕ ಲ್ಯಾಪ್‌ಟಾಪಿಗೆ ಬಂದಿದೆ. ಯಾರದೋ ಮಗಳು ಕಾಲೇಜು ಓದುವಾಗ ಕೊಂಡ ಹಳೇ ಲ್ಯಾಪ್‌ಟಾಪು. ಅದರಲ್ಲಿ ಮೂರು ವರ್ಷದ ಲೆಕ್ಕ.

ಒಂದು ದಿನ ಅದು ತೆರೆಯೋದೇ ಇಲ್ಲ. ದೀಪ ಹತ್ತುತ್ತೆ. ಪರದೆ ಮೇಲೆ ಒಂದು ಚಕ್ರ ಸುತ್ತುತ್ತಾ ಇರುತ್ತೆ, ಅಷ್ಟೆ. "ಲೆಕ್ಕ ಎಲ್ಲಾ ಹೋಯ್ತೇನಕ್ಕಾ?" ಅಂತ ಎಲ್ಲರಿಗೂ ಗಾಬರಿ. ರಿಪೇರಿಯವರು ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು" ಅಂತಾರೆ.

ತಡೀರಿ. ಕೂಡಲೇ ಹೂಂ ಅನ್ನಬೇಡಿ.

ಒಂದು ಮನೆ ಇದೆ ಅಂದುಕೊಳ್ಳಿ. ಮನೆ ನಡೆಸುವಾಕೆ ಕಾಯಿಲೆ ಬಿದ್ದಳು. ಬಾಗಿಲು ತೆಗೆಯೋರಿಲ್ಲ. ಹಾಗಂತ ಪೆಟ್ಟಿಗೆಯಲ್ಲಿದ್ದ ಪತ್ರಗಳು ಹೋದವೇ? ಇಲ್ಲ. ಪೆಟ್ಟಿಗೆ ಒಳಗೇ ಇದೆ. ಲ್ಯಾಪ್‌ಟಾಪೂ ಹೀಗೇ. ಅದನ್ನು ನಡೆಸುವ ಒಂದು ವ್ಯವಸ್ಥೆ ಒಳಗಿರುತ್ತೆ. ಹೆಚ್ಚಿನವುಗಳಲ್ಲಿ ಅದರ ಹೆಸರು ವಿಂಡೋಸ್. ಕೆಟ್ಟಿರೋದು ಅದು. ಲೆಕ್ಕ ಇರೋದು ಡಿಸ್ಕಿನಲ್ಲಿ. ಡಿಸ್ಕೇ ಕೆಟ್ಟಿದ್ದರೆ ಮಾತು ಬೇರೆ.

ಈಗ ಬಾಗಿಲು ತೆಗೆಯಲು ಇನ್ನೊಬ್ಬಳನ್ನು ಕರೆಯೋಣ. ಅವಳ ಹೆಸರು ಲಿನಕ್ಸ್.

ಲಿನಕ್ಸನ್ನು 1991ರಲ್ಲಿ ಶುರು ಮಾಡಿದವರು ಲೈನಸ್ ಟೊರ್ವಾಲ್ಡ್ಸ್. ಫಿನ್‌ಲೆಂಡ್ ದೇಶದವರು. ಆಗ ಅವರು 21 ವರ್ಷದ ವಿದ್ಯಾರ್ಥಿ. ಆಮೇಲೆ ಲೋಕದ ಸಾವಿರಾರು ಜನ ಸೇರಿ ಅದನ್ನು ಬೆಳೆಸಿದರು. ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೂ ಲಿನಕ್ಸೇ ಇದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರ್ತೀವಲ್ಲ, ಹಾಗೆ. ಅವರ ಮೊಸರೂ ಉಳಿಯುತ್ತೆ, ನಮ್ಮ ಹಾಲೂ ಹೆಪ್ಪಾಗುತ್ತೆ.

ಹಿಂದೆ ಲಿನಕ್ಸ್ ಹಾಕಲು ಸಿ.ಡಿ. ಬೇಕಿತ್ತು. ಸಿ.ಡಿ.ಗೆ ಗೀರು ಬಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಹಳೇ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಓದುವ ಭಾಗ ಬೇಗ ಕೆಡುತ್ತೆ. ಹೊಸದರಲ್ಲಿ ಆ ಭಾಗವೇ ಇರಲ್ಲ. ಆದ್ದರಿಂದ ಸಿ.ಡಿ. ಮರೆತುಬಿಡಿ. 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಲೆಕ್ಕ ತೆಗೆದಿಡಲು ಇನ್ನೊಂದು ಬೇಕು.

ಪೆನ್‌ಡ್ರೈವ್ ತಯಾರಿಸಲು ಚೆನ್ನಾಗಿರೋ ಇನ್ನೊಂದು ಕಂಪ್ಯೂಟರು ಬೇಕು. ಶಾಲೆಯ ಮೇಷ್ಟ್ರದ್ದೋ, ಸೈಬರ್ ಅಂಗಡಿಯದ್ದೋ ಆಗಬಹುದು. ಲಿನಕ್ಸಿನಲ್ಲಿ ಹಲವು ಬಗೆ. ಹೊಸಬರಿಗೆ ಲಿನಕ್ಸ್ ಮಿಂಟ್ ಸುಲಭ. ತೀರಾ ಹಳೇ ಯಂತ್ರಕ್ಕೆ ಲುಬುಂಟು ಹಗುರ. ಅವರದೇ ಜಾಲತಾಣದಿಂದ ಇಳಿಸಿಕೊಳ್ಳಿ. ಸುಮಾರು 3 ಜಿಬಿ ಆಗುತ್ತೆ.

ಇಲ್ಲೇ ಎಷ್ಟೋ ಜನ ಎಡವೋದು. ಇಳಿಸಿಕೊಂಡದ್ದನ್ನು ಫೋಟೋ ಹಾಕುವ ಹಾಗೆ ಪೆನ್‌ಡ್ರೈವಿಗೆ ಹಾಕಿದರೆ ನಡೆಯಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಬರೆಯಬೇಕು. ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲಾ ಅಳಿಸಿಹೋಗುತ್ತೆ. ಮದುವೆ ಫೋಟೋ ಇರೋ ಪೆನ್‌ಡ್ರೈವ್ ಕೊಟ್ಟೀರಿ, ಜೋಕೆ!

ಈಗ ನಮ್ಮ ಲ್ಯಾಪ್‌ಟಾಪಿಗೆ ಬರೋಣ. ಕರೆಂಟ್ ಇರುವಾಗ ಚಾರ್ಜರ್ ಹಾಕಿ. ಪೆನ್‌ಡ್ರೈವ್ ಸಿಕ್ಕಿಸಿ. ಯಂತ್ರ ಹಚ್ಚಿದ ಕೂಡಲೇ ಒಂದು ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಕು. ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12. ಎಚ್.ಪಿ. ಆದರೆ ಎಫ್9. ಒಂದು ಪಟ್ಟಿ ಬರುತ್ತೆ. ಅದರಲ್ಲಿ ಪೆನ್‌ಡ್ರೈವನ್ನು ಆರಿಸಿ.

ಲಿನಕ್ಸ್ ಪೆನ್‌ಡ್ರೈವಿನಿಂದಲೇ ಓಡುತ್ತೆ. ಒಳಗಿನ ಡಿಸ್ಕಿನಲ್ಲಿ ಇನ್ನೂ ಏನೂ ಅಳಿಸಿಲ್ಲ. ನಮಗೆ ಬೇಕಾದ ಗಳಿಗೆ ಇದೇ. ಡಿಸ್ಕನ್ನು ತೆರೆಯಿರಿ. ಲೆಕ್ಕದ ಕಡತ ಹುಡುಕಿ. ಎರಡನೇ ಪೆನ್‌ಡ್ರೈವಿಗೆ ನಕಲು ಮಾಡಿ. ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಅಂಕಿ ಸರಿ ಇವೆಯೇ ಅಂತ ಕಣ್ಣಾರೆ ನೋಡಿ. ಕೆಲವು ಡಿಸ್ಕಿಗೆ ವಿಂಡೋಸ್ ಬೀಗ ಹಾಕಿರುತ್ತೆ. ಆಗ ಬೀಗದ ಉದ್ದನೆಯ ಸಂಖ್ಯೆ ಇಲ್ಲದೆ ಡಿಸ್ಕ್ ತೆರೆಯಲ್ಲ.

ಕನ್ನಡ ಹೆಸರುಗಳು ಗೀಚಿದಂತೆ ಕಂಡರೆ ಹೆದರಬೇಡಿ. ಹಳೇ ನುಡಿ, ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಹಾಗೆ ಕಾಣಬಹುದು. ಬರೆದದ್ದು ಎಲ್ಲೂ ಹೋಗಿಲ್ಲ. ಅದನ್ನು ಯೂನಿಕೋಡ್ ಅಕ್ಷರಕ್ಕೆ ಬದಲಿಸುವ ತಂತ್ರಾಂಶಗಳಿವೆ.

ಲೆಕ್ಕ ಕೈಗೆ ಬಂತಲ್ಲ, ಈಗ ಲಿನಕ್ಸನ್ನು ಲ್ಯಾಪ್‌ಟಾಪಿಗೇ ಹಾಕಬಹುದು. ವಿಂಡೋಸ್ 10ಕ್ಕೆ ಕಂಪನಿಯವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಎಷ್ಟೋ ಹಳೇ ಯಂತ್ರಗಳಿಗೆ ವಿಂಡೋಸ್ 11 ಒಗ್ಗಲ್ಲ. ಹಾಗಾಗಿ ಲಿನಕ್ಸೇ ವಾಸಿ ಅಂತ ನಮ್ಮ ಅಭಿಪ್ರಾಯ. ಹಾಕುವಾಗ 'ಡಿಸ್ಕ್ ಅಳಿಸಲೇ?' ಅಂತ ಇಂಗ್ಲಿಷಿನಲ್ಲಿ ಕೇಳುತ್ತೆ. ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ಗಂಟೆಯ ಆಸುಪಾಸು ಕೆಲಸ.

ಇದರಲ್ಲಿ ಕನ್ನಡ ಬರುತ್ತಾ? ಬರುತ್ತೆ. ಕಗಪ ಕೀಲಿಮಣೆ ಇದೆ. ಲಿನಕ್ಸಿಗೆ ಸಿಗುವ ಕನ್ನಡ ಅಕ್ಷರಗಳಲ್ಲಿ ಒಂದರ ಹೆಸರು ಗುಬ್ಬಿ, ಇನ್ನೊಂದರದು ನವಿಲು. ಗುಬ್ಬಿ ಅಂದಕೂಡಲೇ ನಮಗೆ ನಮ್ಮ ಜಿಲ್ಲೆಯ ತಾಲ್ಲೂಕೇ ನೆನಪಾಗೋದು! ಲೆಕ್ಕದ ಹಾಳೆ ತೆರೆಯಲು ಲಿಬ್ರೆ ಆಫೀಸ್ ಇದೆ. ಅದೂ ಉಚಿತ.

ಕನ್ನಡದವರಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯೋದು ಲಿನಕ್ಸಿನಲ್ಲೇ. 2017ರಿಂದ ಕೈಟ್ ಎಂಬ ಸರ್ಕಾರಿ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಆ ರಾಜ್ಯದ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿನ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ.

ಕೆಲಸ ಮುಗಿದ ಮೇಲೆ ಮೊದಲನೇ ಪೆನ್‌ಡ್ರೈವನ್ನು ಪಕ್ಕದೂರಿನ ಸಂಘಕ್ಕೆ ಕೊಡಬಹುದು. ಎರಡನೆಯದನ್ನು ಮಾತ್ರ ಯಾರಿಗೂ ಕೊಡಬೇಡಿ. ಅದರಲ್ಲಿ ಸಂಘದ ಲೆಕ್ಕ ಇದೆ.