ಗೊಬ್ಬರದ ಗುಂಡಿಯಿಂದ ಹಾರಿಹೋಗುವ ಸಾರಜನಕ

ಗಾಂಧಿಬಜಾರಿನಲ್ಲಿ ವ್ಯಾಪಾರ ಮುಗಿದ ಮೇಲೆ ಉಳಿಯುವುದು ಹೂಕೋಸಿನ ಎಲೆ, ಬಾಡಿದ ಮೆಂತ್ಯ, ಕೊತ್ತಂಬರಿ ಬೇರು. ಇವನ್ನು ರಾಶಿ ಹಾಕಿ ಕೊಳೆಸಿದರೆ ಕೆಲವು ದಿನಗಳಲ್ಲಿ ಮೂಗಿಗೆ ಘಾಟು ಬಡಿಯುತ್ತದೆ. ಆ ಘಾಟು ಅಮೋನಿಯಾ. ಗಿಡಕ್ಕೆ ಸೇರಬೇಕಾದ ಸಾರಜನಕವೇ ಹೀಗೆ ಗಾಳಿಯ ಪಾಲಾಗುವುದು.

ಈ ನಷ್ಟದ ಚಿಂತೆ ಬೆಂಗಳೂರಿಗೆ ಹೊಸದಲ್ಲ. ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕಾಂಪೋಸ್ಟ್ ಕ್ರಮ 'ಬೆಂಗಳೂರು ವಿಧಾನ'ವೆಂದೇ ಪಠ್ಯಪುಸ್ತಕ ಸೇರಿದೆ. ಅದಕ್ಕೂ ಮೊದಲು ಬಂದ ಆಲ್ಬರ್ಟ್ ಹೋವರ್ಡ್ ಅವರ ಇಂದೋರ್ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಬೇಕು. ಗೊಬ್ಬರ ಬೇಗ ಆಗುತ್ತದೆ, ನಿಜ. ಆದರೆ ಸಾರಜನಕ ಹೆಚ್ಚು ಸೋರುತ್ತದೆ. ಬೆಂಗಳೂರು ವಿಧಾನದಲ್ಲಿ ಗುಂಡಿ ತುಂಬಿ, ಮಣ್ಣು ಮುಚ್ಚಿ, ಆರೆಂಟು ತಿಂಗಳು ಕಾಯುವುದು. ಸಾರ ಉಳಿಯುತ್ತದೆ, ತಾಳ್ಮೆ ಬೇಕು.

ಮಗುಚಿಯೂ ಸಾರ ಉಳಿಸಿಕೊಳ್ಳುವ ಉಪಾಯವೇ ಬಯೋಚಾರ್, ಅಂದರೆ ಹೆಚ್ಚು ಗಾಳಿಯಾಡದಂತೆ ಸುಟ್ಟ ಇದ್ದಿಲು. ಕಾರ್ತಿಕದ ಕಡಲೆಕಾಯಿ ಪರಿಷೆಯಲ್ಲಿ ಬಸವನಗುಡಿ ತುಂಬ ಬೀಳುವ ಸಿಪ್ಪೆಯಿಂದಲೂ ಇದನ್ನು ಮಾಡಬಹುದು. ಚೆನ್ನಾಗಿ ಬೆಂದ ಇದ್ದಿಲಿನ ಒಂದು ಗ್ರಾಂನೊಳಗಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆದೀತು. ಈ ಮೈಯ ಮೇಲೆ ಅಮೋನಿಯಾ ಅಂಟಿ ನಿಲ್ಲುತ್ತದೆ. ಬೂದಿ ಮಾತ್ರ ಬೆರೆಯಬಾರದು. ಬೂದಿಯ ಕ್ಷಾರ ಅಮೋನಿಯಾವನ್ನು ಇನ್ನಷ್ಟು ಬೇಗ ಹೊರಗಟ್ಟುತ್ತದೆ.

ಇದ್ದಿಲು ಹಾಕಿದೆವೆಂದು ತರಗೆಲೆ ಬಿಡುವಂತಿಲ್ಲ. ಇದ್ದಿಲಿನ ಇಂಗಾಲವನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ತಿನ್ನಲಾರವು. ಅವುಗಳ ಊಟ ಒಣ ಎಲೆಯೇ. ಹತ್ತು ಕಿಲೋ ತರಕಾರಿ ಕಸದಲ್ಲಿ ಸುಮಾರು ಒಂಬತ್ತು ಕಿಲೋ ಬರೀ ನೀರು. ಅದಕ್ಕೆ ಎರಡು ಕಿಲೋ ತರಗೆಲೆ ಸೇರಿಸಿದರೆ ಒಣ ಪದಾರ್ಥ ಮೂರು ಕಿಲೋದಷ್ಟು. ಅದರ ಹತ್ತನೇ ಒಂದು ಪಾಲು, ಅಂದರೆ 300 ಗ್ರಾಂ ಇದ್ದಿಲು ಸಾಕು. ನೀರು ಚಿಮುಕಿಸಿ ಕುಟ್ಟಿದರೆ ಪುಡಿ ಹಾರುವುದಿಲ್ಲ.

ಶಾಲೆಯಲ್ಲಿ ಪರೀಕ್ಷಿಸುವುದೂ ಕಷ್ಟವಲ್ಲ. ತೂತು ಕೊರೆದ ಎರಡು ಬಕೆಟ್‌ಗಳಲ್ಲಿ ಒಂದೇ ಕಸ, ಒಂದಕ್ಕೆ ಮಾತ್ರ ಇದ್ದಿಲು. ಎರಡರ ಮೇಲೂ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ತೂಗುಹಾಕಿ, ದಿನವೂ ಹೊಸದನ್ನು ಬದಲಿಸಬೇಕು. ಮೊದಲ ಕೆಲವು ದಿನ ಕಸ ಹುಳಿಯಾಗಿರುವುದರಿಂದ ಬಣ್ಣ ಬದಲಾಗದಿರಬಹುದು. ಆಮೇಲೆ ಯಾವ ಕಾಗದ ಮೊದಲು ನೀಲಿಗೆ ತಿರುಗಿತು, ಎಷ್ಟನೆಯ ದಿನ ಎಂಬುದನ್ನು ಬರೆದಿಡಬೇಕು.