ಶಾಲೆಯ ಸುದ್ದಿ ಸಂಘಕ್ಕೂ ಬರಲಿ



ಸಂಘದ ಉಳಿತಾಯದ ಲೆಕ್ಕವನ್ನು ತಪ್ಪದೆ ಕೇಳುತ್ತೇವೆ. ಮಕ್ಕಳು ಓದುವ ಸರ್ಕಾರಿ ಶಾಲೆಯ ಲೆಕ್ಕ ಕೇಳುತ್ತೇವಾ?

2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ಬಂತು. 2010ರಲ್ಲಿ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಸರ್ಕಾರದಿಂದ ಬಂದ ಹಣದ ಬಳಕೆ ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಇವರ ಕೆಲಸ. ಹೆಸರಿಗೆ ಮಾತ್ರ ಸದಸ್ಯರಾಗದೆ ಸಭೆಗೆ ಹೋಗಿ, ಬಾಯಿಬಿಟ್ಟು ಕೇಳಿ.

ಕೆಂಗೇರಿ, ವಿಜಯನಗರದ ಕಡೆ ಬಾಡಿಗೆ ಮನೆಯಲ್ಲಿರುವವರು ವರ್ಷದ ನಡುವೆ ಮನೆ ಬದಲಿಸುವುದುಂಟು. ಆಗ “ಟಿ.ಸಿ. ಬಂದಿಲ್ಲ” ಅಂತ ಮಗು ಮನೆಯಲ್ಲೇ ಉಳಿದರೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾ ಓದೇ ನಿಂತುಹೋಗುತ್ತದೆ. ಹಾಗೆ ಕೂರಿಸಬೇಡಿ. 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ವಾಪಸ್ ಕಳಿಸುವಂತಿಲ್ಲ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ತೊಂದರೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆಯಿರಿ. ಒಬ್ಬರೇ ಹೋಗದೆ ಸಂಘದ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮುಂದಿನ ಸಭೆಯಲ್ಲಿ ವಿಚಾರಿಸೋಣ: ನಮ್ಮ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ? ಸಭೆ ಯಾವಾಗ? ನಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಮಗು ಇದೆಯಾ? ಉತ್ತರಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ.